ಪ್ಲೇಟ್‌ಲೆಟ್ ಕುಸಿದ ಮನೆಗೆ ಚೀನೀ ಔಷಧದ ಡಬ್ಬಿ ಬಂದರೆ ಏನು ಮಾಡಬೇಕು

ಹೋದ ಮಳೆಗಾಲದ ಒಂದು ಸಂಜೆ ನವಲಗುಂದ ಕಡೆಯ ಯುವಕನೊಬ್ಬ ಹುಬ್ಬಳ್ಳಿಯ ನನ್ನ ಔಷಧ ಅಂಗಡಿಗೆ ಬಂದು, ಕೌಂಟರಿನ ಗಾಜಿನ ಮೇಲೆ ಹಸಿರು ಬಣ್ಣದ ರಟ್ಟಿನ ಡಬ್ಬಿಯೊಂದನ್ನು ಇಟ್ಟ. "ಅಣ್ಣಾರ, ಇದನ್ನ ನಮ್ಮವ್ವಗ ಕೊಡಬಹುದೇನ್ರಿ? ಡಾಕ್ಟರಿಗೆ ಕೇಳಾಕ ಹೆದರಿಕಿ ಬರತೈತ್ರಿ" ಎಂದ. ಅವನ ತಾಯಿಗೆ ಐಟಿಪಿ ಎಂಬ, ಪ್ಲೇಟ್‌ಲೆಟ್ ಕುಸಿಯುವ ಕಾಯಿಲೆ ಇತ್ತು. 12,000ಕ್ಕೆ ಇಳಿದಿದ್ದ ಪ್ಲೇಟ್‌ಲೆಟ್ ಎರಡು ತಿಂಗಳು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ನುಂಗಿದ ಮೇಲೆ 38,000ಕ್ಕೆ ಏರಿ ಅಲ್ಲಿಯೇ ನಿಂತಿತ್ತು. ಚೀನಾದಲ್ಲಿ ಎಂಬಿಬಿಎಸ್ ಓದುತ್ತಿದ್ದ ಸೋದರಮಾವನ ಮಗ ರಜೆಗೆ ಬರುವಾಗ ಈ ಡಬ್ಬಿಯನ್ನು ತಂದುಕೊಟ್ಟಿದ್ದ. ಒಳಗೆ ಒಂಬತ್ತು ಸಣ್ಣ ಪೊಟ್ಟಣಗಳಿದ್ದವು. ಒಂದನ್ನು ಕತ್ತರಿಸಿ ಕಾಗದದ ಮೇಲೆ ಸುರಿದಾಗ, ಸಣ್ಣ ರವೆಯಂಥ ಕಂದು ಹರಳುಗಳು ಬಿದ್ದವು. ಬೆಲ್ಲದ ಪಾಕ ತುಸು ಸೀದಂತೆ, ಹಿಂದಿನಿಂದ ಜ್ಯೇಷ್ಠಮಧುವಿನ ಸಿಹಿ ವಾಸನೆ ಬಂತು. ಡಬ್ಬಿಯ ಮೇಲೆ ನಮಗಿಬ್ಬರಿಗೂ ಓದಲು ಬಂದದ್ದು ಕೆಲವು ಅಂಕಿಗಳು ಮತ್ತು ಒಂದೇ ಒಂದು ರೋಮನ್ ಅಕ್ಷರ.

ನಾನು ವೈದ್ಯನಲ್ಲ, ಚೀನೀ ವೈದ್ಯಪದ್ಧತಿಯನ್ನು ಕಲಿತವನೂ ಅಲ್ಲ. ಔಷಧಗಳ ಚೀಟಿ ಓದುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೌಂಟರಿನ ಹಿಂದೆ ನಿಂತವನು. ಆದರೆ ಆ ಸಂಜೆ ನಾವಿಬ್ಬರೂ ಆ ಡಬ್ಬಿಯನ್ನು ಹೇಗೆ ಪರಿಶೀಲಿಸಿದೆವೋ ಅದೇ ಕ್ರಮವನ್ನು ಬೇರೆಯವರೂ ಅನುಸರಿಸಬಹುದು ಎನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಜನ ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ "ಇದರಿಂದ ಗುಣ ಆಗತೈತೇನ್ರಿ?" ಎಂಬುದು. ನನ್ನ ಅನುಭವದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಕಾಯಿಲೆ ನಿಖರವಾಗಿ ಯಾವುದು, ಪೊಟ್ಟಣದೊಳಗೆ ಇರುವುದು ಏನು, ಅದು ಈಗ ನಡೆಯುತ್ತಿರುವ ಔಷಧದೊಂದಿಗೆ ಹೇಗೆ ವರ್ತಿಸುತ್ತದೆ ಎಂಬ ಮೂರಕ್ಕೆ ಉತ್ತರ ಸಿಗದೆ ಆ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ.

ಮೊದಲು ಕಾಯಿಲೆಯ ಹೆಸರು ಗಟ್ಟಿಯಾಗಲಿ

ಡೆಂಗಿಯ ಹಂಗಾಮಿನಲ್ಲಿ ನಮ್ಮ ಭಾಗದಲ್ಲಿ ಪ್ಲೇಟ್‌ಲೆಟ್‌ಗಳನ್ನು "ಬಿಳಿ ಕಣ" ಎಂದು ಕರೆಯುವ ರೂಢಿ ಬಿದ್ದುಬಿಟ್ಟಿದೆ. ಇದು ತಪ್ಪು, ಮತ್ತು ಈ ತಪ್ಪಿನಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಹೋರಾಡುವವು. ಪ್ಲೇಟ್‌ಲೆಟ್‌ಗಳು ಗಾಯದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ, ಏಳರಿಂದ ಹತ್ತು ದಿನ ಬದುಕುತ್ತವೆ. ಡೆಂಗಿಯಲ್ಲಿ ಅವು ಇಳಿದು, ಜ್ವರ ಬಿಟ್ಟ ಕೆಲವೇ ದಿನಗಳಲ್ಲಿ ತಾವಾಗಿಯೇ ಏರುತ್ತವೆ. ಪಪ್ಪಾಯಿ ಎಲೆಯ ರಸದ ಕೀರ್ತಿಯಲ್ಲಿ ಹೆಚ್ಚಿನ ಪಾಲು ಈ ತಾನಾಗಿ ಏರುವಿಕೆಗೇ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಐಟಿಪಿ ಬೇರೆ. ಅದರಲ್ಲಿ ದೇಹದ ಕಾವಲು ವ್ಯವಸ್ಥೆಯೇ ತನ್ನ ಪ್ಲೇಟ್‌ಲೆಟ್‌ಗಳಿಗೆ ಪ್ರತಿಕಾಯಗಳನ್ನು ಅಂಟಿಸಿ ಗುರುತು ಮಾಡುತ್ತದೆ, ಗುರುತಾದವನ್ನು ಗುಲ್ಮ ಹಿಡಿದು ನಾಶಮಾಡುತ್ತದೆ. ಇದೇ ದಾಳಿ ಕೆಂಪು ಕಣಗಳ ಮೇಲೆ ನಡೆದರೆ ಅದು ಆಟೋಇಮ್ಯೂನ್ ಹಿಮೋಲಿಟಿಕ್ ಅನೀಮಿಯಾ. ಕೂಂಬ್ಸ್ ಎಂಬ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಎರಡೂ ಕೂಡಿ ಬಂದರೆ ಇವಾನ್ಸ್ ಸಿಂಡ್ರೋಮ್. ದಾಳಿ ಅಸ್ಥಿಮಜ್ಜೆಯೊಳಗಿನ ಮೂಲಕಣಗಳ ಮೇಲೆಯೇ ನಡೆದರೆ ಏಪ್ಲಾಸ್ಟಿಕ್ ಅನೀಮಿಯಾ, ಅದರಲ್ಲಿ ಮೂರೂ ಬಗೆಯ ಕಣಗಳು ಇಳಿಯುತ್ತವೆ. ಈ ನಾಲ್ಕರ ಚಿಕಿತ್ಸೆ ಒಂದೇ ಅಲ್ಲ. "ರಕ್ತ ಹೆಚ್ಚಿಸುವ ಪುಡಿ" ಎಂಬ ಒಂದೇ ಹೆಸರಿನ ಔಷಧ ನಾಲ್ಕಕ್ಕೂ ಸಲ್ಲುವುದು ಅಸಾಧ್ಯ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ರಕ್ತವನ್ನು ತುಂಬುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕದಿಂದಾಗಿ ಕೆಲವರ ಪ್ಲೇಟ್‌ಲೆಟ್‌ಗಳು ಗೊಂಚಲಾಗಿ ಅಂಟಿಕೊಳ್ಳುತ್ತವೆ. ಎಣಿಸುವ ಯಂತ್ರ ಗೊಂಚಲನ್ನು ಒಂದು ಎಂದು ಎಣಿಸಿ ಸುಳ್ಳು ಕಡಿಮೆ ಅಂಕಿಯನ್ನು ತೋರಿಸುತ್ತದೆ. ಸಿಟ್ರೇಟ್ ಇರುವ ಟ್ಯೂಬಿನಲ್ಲಿ ಮತ್ತೊಮ್ಮೆ ರಕ್ತ ಕೊಟ್ಟು, ಗಾಜಿನ ಪಟ್ಟಿಯ ಮೇಲೆ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಸತ್ಯ ಗೊತ್ತಾಗುತ್ತದೆ. ಮೈಮೇಲೆ ಒಂದು ಕಲೆಯೂ ಇಲ್ಲದೆ, ವಸಡಿನಲ್ಲಿ ಒಂದು ಹನಿ ರಕ್ತವೂ ಬಾರದೆ ವರದಿಯಲ್ಲಿ ಮಾತ್ರ 25,000 ಎಂದಿದ್ದವರಿಗೆ, ಯಾವ ಪದ್ಧತಿಯ ಔಷಧವನ್ನೂ ಆರಂಭಿಸುವ ಮೊದಲು ಇದನ್ನು ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ ಎಂದು ನಾನು ಹೇಳುತ್ತೇನೆ.

ಚೀನೀ ಪದ್ಧತಿ ಈ ಕಾಯಿಲೆಯನ್ನು ಹೇಗೆ ನೋಡುತ್ತದೆ

ಪ್ರತಿಕಾಯ, ಪ್ಲೇಟ್‌ಲೆಟ್ ಇವು ಹಳೆಯ ಚೀನೀ ಗ್ರಂಥಗಳಿಗೆ ಗೊತ್ತಿರಲಿಲ್ಲ. ಅವು ಕಂಡದ್ದು ಚರ್ಮದ ಮೇಲಿನ ನೇರಳೆ ಕಲೆಗಳನ್ನು, ವಸಡು ಮೂಗುಗಳ ರಕ್ತವನ್ನು, ಬಿಳಿಚಿದ ಮುಖವನ್ನು. ಇದನ್ನು ಅವು ಮುಖ್ಯವಾಗಿ ಮೂರು ಬಗೆಯಾಗಿ ವಿವರಿಸುತ್ತವೆ: ರಕ್ತಕ್ಕೆ ಉಷ್ಣ ಏರಿ ಉಕ್ಕಿ ಹರಿಯುವುದು, ಗುಲ್ಮ ದುರ್ಬಲವಾಗಿ ರಕ್ತವನ್ನು ನಾಳದೊಳಗೆ ಹಿಡಿದಿಡಲಾರದೆ ಹೋಗುವುದು, ಮತ್ತು ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟುವುದು. ಇಲ್ಲಿ ಒಂದು ತಮಾಷೆಯ ತೊಡಕಿದೆ. ಚೀನೀ ವೈದ್ಯರು "ಗುಲ್ಮವನ್ನು ಬಲಪಡಿಸಬೇಕು" ಎನ್ನುತ್ತಾರೆ. ನಮ್ಮ ರಕ್ತರೋಗ ತಜ್ಞರು ಐಟಿಪಿಯಲ್ಲಿ ಔಷಧ ಕೈಕೊಟ್ಟಾಗ ಅದೇ ಗುಲ್ಮವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸುತ್ತಾರೆ. ಇದನ್ನು ಕೇಳಿದ ಮನೆಯವರು ಇಬ್ಬರಲ್ಲಿ ಒಬ್ಬರು ಸುಳ್ಳುಗಾರರು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಚೀನೀ ಭಾಷೆಯ "ಪಿ" ಎಂಬುದು ಪಕ್ಕೆಲುಬಿನ ಕೆಳಗಿನ ಅಂಗಕ್ಕಿಂತ ಹೆಚ್ಚಾಗಿ ಜೀರ್ಣಶಕ್ತಿ ಮತ್ತು ಪೋಷಣೆಯ ಒಂದು ಕಲ್ಪನೆಯನ್ನು ಸೂಚಿಸುತ್ತದೆ. ನಮ್ಮ ಆಯುರ್ವೇದದ "ಅಗ್ನಿ" ಹೇಗೆ ಒಲೆಯ ಬೆಂಕಿಯಲ್ಲವೋ ಹಾಗೆ.

ಈ ವಿವರಣೆಗಳಿಗೆ ತಕ್ಕ ಹೆಸರಾಂತ ಯೋಗಗಳಿವೆ, ಅಂದರೆ ಹಲವು ದ್ರವ್ಯಗಳನ್ನು ಕೂಡಿಸಿದ ಔಷಧಗಳು. ಉಷ್ಣದ ಪಂಗಡಕ್ಕೆ 7ನೆಯ ಶತಮಾನದ ವೈದ್ಯ ಸುನ್ ಸಿಮಿಯಾವ್ ದಾಖಲಿಸಿದ ಷಿ ಜಿಯಾವ್ ದಿ ಹುವಾಂಗ್ ತಾಂಗ್. ಅದರ ಮೊದಲ ದ್ರವ್ಯ ಘೇಂಡಾಮೃಗದ ಕೊಂಬು. ಚೀನಾ 1993ರಲ್ಲಿ ಆ ಕೊಂಬಿನ ವ್ಯಾಪಾರವನ್ನು ನಿಷೇಧಿಸಿದ ಮೇಲೆ ಎಮ್ಮೆಯ ಕೊಂಬಿನ ಪುಡಿ ಅದರ ಜಾಗಕ್ಕೆ ಬಂದಿದೆ. ಗುಲ್ಮ ದುರ್ಬಲವಾದವರಿಗೆ 13ನೆಯ ಶತಮಾನದ ಯಾನ್ ಯೋಂಗ್‌ಹೆ ಬರೆದ ಗುಯಿ ಪಿ ತಾಂಗ್. ಜಿನ್‌ಸೆಂಗ್, ಆಸ್ಟ್ರಾಗಲಸ್ ಬೇರು, ಲಾಂಗನ್ ಹಣ್ಣಿನ ತಿರುಳು, ಜ್ಯೇಷ್ಠಮಧು ಮೊದಲಾದವು ಅದರಲ್ಲಿ ಸೇರಿವೆ. ಅದೇ ಶತಮಾನದ ಲಿ ದೋಂಗ್‌ಯುವಾನ್‌ನ ಡಾಂಗ್ ಗುಯಿ ಬು ಷುಯೆ ತಾಂಗ್ ಎಂಬ ಯೋಗದಲ್ಲಿ ಇರುವುದು ಎರಡೇ ದ್ರವ್ಯ: ಐದು ಪಾಲು ಆಸ್ಟ್ರಾಗಲಸ್, ಒಂದು ಪಾಲು ಆಂಜೆಲಿಕಾ ಸೈನೆನ್ಸಿಸ್ ಬೇರು. ಹೆಸರಿನ ಅರ್ಥವೇ ರಕ್ತ ತುಂಬಿಸುವ ಕಷಾಯ.

ಈ ಪಟ್ಟಿಗಳಲ್ಲಿ ನಮಗೆ ಪರಿಚಿತ ಮುಖಗಳೂ ಸಿಗುತ್ತವೆ. ರಕ್ತಸ್ರಾವ ನಿಲ್ಲಿಸಲು ಚೀನೀಯರು ಸುಟ್ಟು ಬಳಸುವ ಚಿಯಾನ್ ತ್ಸಾವ್ ಎಂಬ ಬೇರು ನಮ್ಮ ಮಂಜಿಷ್ಠವೇ, ಅಂದರೆ ರೂಬಿಯಾ ಕಾರ್ಡಿಫೋಲಿಯಾ. ಒಂದೇ ಗಿಡಕ್ಕೆ ಆಯುರ್ವೇದ ರಕ್ತಶುದ್ಧಿಯ ಕೆಲಸವನ್ನೂ ಚೀನೀ ಪದ್ಧತಿ ರಕ್ತ ತಡೆಯುವ ಕೆಲಸವನ್ನೂ ವಹಿಸಿವೆ. ಇನ್ನೊಂದು ನಮ್ಮ ಹೊಲದ್ದು. ಶೇಂಗಾ ಹುರಿದು, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ನಾವು ಹಾರಿಸಿಬಿಡುವ ಕೆಂಪು ಸಿಪ್ಪೆ ಚೀನಾದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾದವರ ಮನೆಮದ್ದು. ಅದರಿಂದ ಮಾಡಿದ ಗುಳಿಗೆಗಳೂ ಅಲ್ಲಿ ಮಾರಾಟವಾಗುತ್ತವೆ. ಇದನ್ನು ಹೇಳಿದಾಗ ಆ ಯುವಕ ನಕ್ಕು, ತಮ್ಮ ಮನೆಯ ಹಿತ್ತಲಲ್ಲಿ ಅದು ಚೀಲಗಟ್ಟಲೆ ಬಿದ್ದಿರುತ್ತದೆ ಎಂದ. ಶೇಂಗಾವನ್ನು ಸಿಪ್ಪೆಸಮೇತ ತಿಂದರೆ, ಅಲರ್ಜಿ ಇಲ್ಲದವರಿಗೆ, ತೊಂದರೆಯಿಲ್ಲ. ಆದರೆ ಸ್ಟೀರಾಯ್ಡಿನ ಬದಲಿಗೆ ಅದನ್ನು ನಂಬಿ ಕೂರುವಷ್ಟು ಆಧಾರ ಇಲ್ಲ, ಬೂಸ್ಟು ಹಿಡಿದ ರಾಶಿಯ ಸಿಪ್ಪೆಯಲ್ಲಿರುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ.

ನಮ್ಮ ಭಾಗದ ಅನೇಕ ಶಾಕಾಹಾರಿ ಮನೆಗಳಿಗೆ ಇನ್ನೊಂದು ಮಾತು ಬೇಕಾದೀತು. ರಕ್ತ ಹೆಚ್ಚಿಸುವ ಚೀನೀ ಯೋಗಗಳಲ್ಲಿ ಪದೇ ಪದೇ ಬರುವ ಎ-ಜಿಯಾವ್ ಎಂಬುದು ಕತ್ತೆಯ ಚರ್ಮವನ್ನು ಕುದಿಸಿ ತೆಗೆದ ಅಂಟು. ಗುಯಿ ಬಾನ್ ಎಂದರೆ ಆಮೆಯ ಹೊಟ್ಟೆಯ ಚಿಪ್ಪು. ಷುಯೆ ಯು ತಾನ್ ಎಂದರೆ ಮನುಷ್ಯರ ಕೂದಲನ್ನು ಸುಟ್ಟ ಇದ್ದಿಲು. "ಗಿಡಮೂಲಿಕೆ" ಎಂಬ ಮಾತನ್ನು ನಂಬಿ ತಿಂಗಳುಗಟ್ಟಲೆ ಕುಡಿದ ಮೇಲೆ ತಿಳಿದುಕೊಳ್ಳುವುದಕ್ಕಿಂತ ಮೊದಲೇ ತಿಳಿದಿರುವುದು ಒಳಿತು.

ಮತ್ತೆ, ಮುಂಡಗೋಡದ ಟಿಬೆಟನ್ ವೈದ್ಯರ ಗುಳಿಗೆಗಳನ್ನೂ ಜನ ಚೀನೀ ಔಷಧ ಎಂದುಕೊಳ್ಳುತ್ತಾರೆ. ಅದು ಸೋವಾ-ರಿಗ್ಪಾ ಎಂಬ ಬೇರೆಯೇ ಪದ್ಧತಿ, ಭಾರತ ಸರ್ಕಾರ 2010ರಲ್ಲಿ ಮಾನ್ಯ ಮಾಡಿದ್ದು. ಚೀನೀ ಗಿಡಮೂಲಿಕೆ ವೈದ್ಯಕ್ಕೆ ನಮ್ಮ ಆಯುಷ್ ಪಟ್ಟಿಯಲ್ಲಿ ಅಂಥ ಸ್ಥಾನವಿಲ್ಲ. ಆದ್ದರಿಂದ ಹುಬ್ಬಳ್ಳಿಯಲ್ಲಿ ಅದರ ಹೆಸರಿನ ಫಲಕ ಕಂಡರೆ ಹಿಂದೆ ಕುಳಿತವರ ಪದವಿ ಯಾವುದು, ನೋಂದಣಿ ಎಲ್ಲಿಯದು ಎಂದು ಕೇಳುವುದು ನಿಮ್ಮ ಹಕ್ಕು.

ಡಬ್ಬಿಯನ್ನು ಓದುವ ಬಗೆ

ಮೊಬೈಲಿನ ಕ್ಯಾಮೆರಾದಿಂದ ಚೀನೀ ಅಕ್ಷರಗಳನ್ನು ಅನುವಾದಿಸುವ ಆ್ಯಪ್‌ಗಳು ಈಗ ಎಲ್ಲರ ಬಳಿ ಇವೆ. ಅವು ಕೊಡುವ ವಾಕ್ಯಗಳು ಎಡವಟ್ಟಾಗಿದ್ದರೂ ದ್ರವ್ಯಗಳ ಹೆಸರುಗಳನ್ನು ಹಿಡಿಯಲು ಸಾಕಾಗುತ್ತವೆ. ಮೊದಲು ಹುಡುಕಬೇಕಾದದ್ದು ಅನುಮೋದನೆಯ ಸಂಖ್ಯೆ. ಚೀನಾದಲ್ಲಿ ಅಧಿಕೃತವಾಗಿ ಔಷಧ ಎಂದು ನೋಂದಾಯಿತವಾದ ಡಬ್ಬಿಯ ಮೇಲೆ ನಾಲ್ಕು ಚೀನೀ ಅಕ್ಷರಗಳು, ಅವುಗಳ ಬೆನ್ನಿಗೆ ಒಂದು ರೋಮನ್ ಅಕ್ಷರ, ನಂತರ ಎಂಟು ಅಂಕಿಗಳು ಇರುತ್ತವೆ. ಆ ಅಕ್ಷರ ಝಡ್ ಆಗಿದ್ದರೆ ಸಾಂಪ್ರದಾಯಿಕ ಚೀನೀ ಔಷಧ, ಎಚ್ ಆಗಿದ್ದರೆ ರಾಸಾಯನಿಕ ಔಷಧ, ಎಸ್ ಆಗಿದ್ದರೆ ಜೈವಿಕ ಉತ್ಪನ್ನ. ಈ ಸಾಲೇ ಇಲ್ಲದಿದ್ದರೆ ಅದು ಔಷಧವಾಗಿ ನೋಂದಾಯಿತವಾದದ್ದಲ್ಲ. ಆಹಾರವಾಗಿಯೋ ಯಾರೋ ಅಡುಗೆಮನೆಯಲ್ಲಿ ಕಟ್ಟಿದ ಪೊಟ್ಟಣವಾಗಿಯೋ ಇರಬಹುದು, ಅಂಥದ್ದನ್ನು ಅಲ್ಲಿಗೇ ಬಿಟ್ಟುಬಿಡಿ ಎನ್ನುತ್ತೇನೆ.

ಝಡ್ ಇದ್ದ ಮಾತ್ರಕ್ಕೆ ಒಳಗೆ ಬರೀ ಬೇರು ಎಲೆಗಳು ಇವೆ ಎಂದು ತಿಳಿಯಬಾರದು. ಚೀನಾದ ನೆಗಡಿಯ ಪ್ರಸಿದ್ಧ ಹರಳುಪುಡಿ ಗಾನ್ ಮಾವ್ ಲಿಂಗ್‌ನಲ್ಲಿ ಗಿಡಮೂಲಿಕೆಗಳ ಜೊತೆ ಪ್ಯಾರಾಸಿಟಮಾಲ್ ಮತ್ತು ಕ್ಲೋರ್‌ಫೆನಿರಮೈನ್ ಇವೆ. ಸಕ್ಕರೆ ಕಾಯಿಲೆಯ ಷಿಯಾವ್ ಕೆ ಗುಳಿಗೆಯಲ್ಲಿ ಗ್ಲೈಬೆನ್‌ಕ್ಲಮೈಡ್ ಇದೆ. ಇವೆಲ್ಲ ಕದ್ದು ಸೇರಿಸಿದ್ದಲ್ಲ, ಡಬ್ಬಿಯ ಮೇಲೆಯೇ ಬರೆದಿರುತ್ತಾರೆ, ಓದುವವರು ಇರುವುದಿಲ್ಲ ಅಷ್ಟೇ. ಕದ್ದು ಸೇರಿಸುವವರೂ ಇದ್ದಾರೆ. ಅಮೆರಿಕದಲ್ಲಿ ಚೀನೀ ಮೂಲಿಕೆಗಳ ಮಿಶ್ರಣವೆಂದು ಮಾರಾಟವಾಗುತ್ತಿದ್ದ ಪಿಸಿ-ಸ್ಪೆಸ್ ಎಂಬ ಉತ್ಪನ್ನವನ್ನು ಅದರಲ್ಲಿ ರಕ್ತ ತೆಳುವಾಗಿಸುವ ವಾರ್ಫರಿನ್ ಪತ್ತೆಯಾದ ಮೇಲೆ 2002ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಪ್ಲೇಟ್‌ಲೆಟ್ ಕಡಿಮೆಯಿದ್ದವರು ವಾರ್ಫರಿನ್ ನುಂಗಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಮೂಲಿಕೆಯ ಪುಡಿಗಳಿಗೆ ಸ್ಟೀರಾಯ್ಡ್ ಬೆರೆಸುವ ಚಾಳಿ ಚೀನಾಕ್ಕೆ ಮಾತ್ರ ಸೀಮಿತವೂ ಅಲ್ಲ. ನಾಲ್ಕು ದಿನದಲ್ಲಿ ಹಸಿವು ಜೋರಾಗಿ, ಮುಖ ಊದಿ, ಕೌಂಟ್ ಜಿಗಿದರೆ, ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು.

ಹೆಸರುಗಳನ್ನು ಬರೆದುಕೊಳ್ಳುವಾಗ ಲ್ಯಾಟಿನ್ ಸಸ್ಯನಾಮವನ್ನೇ ಬರೆದುಕೊಳ್ಳಿ, ಏಕೆಂದರೆ ಚೀನೀ ಹೆಸರುಗಳು ಒಂದರ ಬೆನ್ನಿಗೆ ಇನ್ನೊಂದು ಅಡಗುತ್ತವೆ. ಗುಯಿ ಪಿ ತಾಂಗ್‌ನಲ್ಲಿರುವ ಮು ಷಿಯಾಂಗ್ ನಿರಪಾಯದ ಸುಗಂಧ ಬೇರು. ಚಿಂಗ್ ಮು ಷಿಯಾಂಗ್ ಎಂಬುದು ಮೂತ್ರಪಿಂಡಗಳನ್ನು ಹಾಳುಮಾಡುವ ಅರಿಸ್ಟೊಲೋಕಿಯಾ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಸ್ಟೆಫಾನಿಯಾ ಬೇರಿನ ಬದಲಿಗೆ ಅರಿಸ್ಟೊಲೋಕಿಯಾ ಸೇರಿ ಅನೇಕ ಮಹಿಳೆಯರ ಮೂತ್ರಪಿಂಡಗಳು ವಿಫಲವಾದದ್ದು ಇಂಥದೇ ಹೆಸರಿನ ಗೊಂದಲದಿಂದ.

ಕಂಡಕೂಡಲೇ ಬದಿಗಿಡಬೇಕಾದವು

ಅರಿಸ್ಟೊಲೋಕಿಯಾ ಜಾತಿಯ ಯಾವುದೂ ಬೇಡ. ಲೈ ಗೋಂಗ್ ತೆಂಗ್, ಅಂದರೆ ಟ್ರಿಪ್ಟೆರಿಜಿಯಂ ವಿಲ್‌ಫೋರ್ಡಿ, ಚೀನಾದಲ್ಲಿ ಸಂಧಿವಾತ ಮತ್ತು ಲೂಪಸ್‌ಗೆ ವೈದ್ಯರ ನಿಗಾದಲ್ಲಿ ಕೊಡುವ ಬಲವಾದ ಔಷಧ. ಅದು ಪ್ರತಿರಕ್ಷೆಯನ್ನು ನಿಜವಾಗಿಯೂ ಅಡಗಿಸುತ್ತದೆ, ಜೊತೆಗೆ ಅಸ್ಥಿಮಜ್ಜೆಯನ್ನೂ ಅಡಗಿಸಿ ಕಣಗಳನ್ನು ಇಳಿಸಬಲ್ಲದು, ಮುಟ್ಟು ನಿಲ್ಲಿಸಬಲ್ಲದು, ಗಂಡಸರಲ್ಲಿ ವೀರ್ಯಾಣುಗಳನ್ನು ಕುಗ್ಗಿಸಬಲ್ಲದು. ಮನೆಯಲ್ಲಿ ಪ್ರಯೋಗ ಮಾಡುವ ವಸ್ತುವಲ್ಲ. ಹೆ ಶೌ ವು ಎಂಬ, ಕೂದಲು ಕಪ್ಪಾಗಿಸಿ ರಕ್ತ ಪೋಷಿಸುತ್ತದೆಂದು ಹೆಸರಾದ ಬೇರು ಯಕೃತ್ತಿಗೆ ಹಾನಿ ಮಾಡಿದ ಪ್ರಕರಣಗಳು ಹಲವಿವೆ. ಚಿಂಗ್ ದಾಯ್, ಅಂದರೆ ನೀಲಿ ಗಿಡದ ಪುಡಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿಸಬಹುದೆಂದು ಜಪಾನಿನ ಆರೋಗ್ಯ ಸಚಿವಾಲಯ 2016ರಲ್ಲಿ ಎಚ್ಚರಿಸಿತು. ಹುವಾಂಗ್ ಲಿಯಾನ್ ಎಂಬ ಕಹಿ ಬೇರಿನ ಬೆರ್ಬೆರಿನ್, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ಕಣಗಳನ್ನು ಒಡೆಯಬಹುದೆಂಬ ಭಯದಿಂದ ಸಿಂಗಪುರ 1978ರಲ್ಲಿ ಅದನ್ನು ನಿಷೇಧಿಸಿ, ದಶಕಗಳ ನಂತರ ಸಡಿಲಿಸಿತು. ಹಿಮೋಲಿಸಿಸ್, ಅಂದರೆ ಕೆಂಪು ಕಣಗಳು ಒಡೆಯುವ ತೊಂದರೆ ಇರುವ ರೋಗಿಗೆ ಜಿ6ಪಿಡಿ ಪರೀಕ್ಷೆ ಆಗದೆ ಅದನ್ನು ಕೊಡಬಾರದು. ಡಾನ್ ಶೆನ್ ಎಂಬ ಬೇರು ಮತ್ತು ಡಾಂಗ್ ಗುಯಿ, ಅಂದರೆ ಮೇಲೆ ಹೇಳಿದ ಆಂಜೆಲಿಕಾ, ವಾರ್ಫರಿನ್ನಿನ ಪರಿಣಾಮವನ್ನು ಹೆಚ್ಚಿಸುತ್ತವೆ. ಹಿಂಗುಳ ಮತ್ತು ಮನಃಶಿಲೆ ಎಂದರೆ ಪಾದರಸ ಮತ್ತು ಆರ್ಸೆನಿಕ್.

ಆರ್ಸೆನಿಕ್ ಮಾತು ಬಂದಾಗ ತಿಳಿದವರು ಒಂದು ವಾದ ಹೂಡುತ್ತಾರೆ: ಚೀನಾದ ಹಾರ್ಬಿನ್ ನಗರದ ವೈದ್ಯರು 1970ರ ದಶಕದಲ್ಲಿ ಆರ್ಸೆನಿಕ್‌ನಿಂದಲೇ ರಕ್ತದ ಕ್ಯಾನ್ಸರನ್ನು ಗುಣಪಡಿಸಲಿಲ್ಲವೇ ಎಂದು. ಹೌದು, ಅಕ್ಯೂಟ್ ಪ್ರೊಮೈಲೊಸಿಟಿಕ್ ಲ್ಯುಕೇಮಿಯಾ ಎಂಬ ಒಂದು ಬಗೆಗೆ ಅದು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಔಷಧ. ಅಮೆರಿಕದ ಔಷಧ ಇಲಾಖೆ 2000ದಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅಲ್ಲಿ ಗೆದ್ದದ್ದು ಶುದ್ಧೀಕರಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ಇಸಿಜಿ ನೋಡುತ್ತ ಆಸ್ಪತ್ರೆಯಲ್ಲಿ ಕೊಟ್ಟ ಆರ್ಸೆನಿಕ್ ಟ್ರೈಆಕ್ಸೈಡ್. ಅದು ಕ್ಯಾನ್ಸರಿನ ಮಾತು, ಐಟಿಪಿಯ ಮಾತಲ್ಲ.

ಇನ್ನೊಂದನ್ನು ಮರೆಯಬಾರದು. ಮೂಲಿಕೆಗಳೇ ಪ್ಲೇಟ್‌ಲೆಟ್ ಇಳಿಸಿದ ಪ್ರಕರಣಗಳೂ ಇವೆ. ಜುಯಿ ಎಂಬ ಚೀನೀ ಮೂಲದ ಮೂಲಿಕೆಯಿಂದ ಹಾಗಾದದ್ದು 1999ರಲ್ಲಿ ಜಪಾನಿನಿಂದ ವರದಿಯಾಗಿತ್ತು. ನಮ್ಮದೇ ಅಮೃತಬಳ್ಳಿಯ ಕಷಾಯವನ್ನು ಕೊರೊನಾ ಕಾಲದಲ್ಲಿ ವಿಪರೀತ ಕುಡಿದ ಕೆಲವರಲ್ಲಿ ಆಟೋಇಮ್ಯೂನ್ ಮಾದರಿಯ ಯಕೃತ್ತಿನ ಉರಿಯೂತವನ್ನು ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ನಿಲುವು ಇಷ್ಟು: ಕಾವಲುಗಾರನೇ ಮನೆಯವರನ್ನು ಹೊಡೆಯುತ್ತಿರುವಾಗ ಅವನ ಕೈಗೆ ಇನ್ನೂ ದೊಡ್ಡ ಬಡಿಗೆ ಕೊಡುವ "ಇಮ್ಯೂನಿಟಿ ಬೂಸ್ಟರ್" ಯಾವ ದೇಶದ್ದಾದರೂ ಬೇಡ.

ನಡೆಯುತ್ತಿರುವ ಔಷಧದ ಜೊತೆ ಜಗಳ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ, ಪ್ರತಿ ತಿಂಗಳು ಪ್ರೆಡ್ನಿಸೋಲೋನ್ ಒಯ್ಯುತ್ತಿದ್ದ ಕುಂದಗೋಳ ಕಡೆಯ ಹಿರಿಯರೊಬ್ಬರು ಕೆಮ್ಮಿಗೆಂದು ಜ್ಯೇಷ್ಠಮಧುವಿನ ಕಷಾಯವನ್ನು ದಿನಕ್ಕೆ ಎರಡು ಲೋಟ ಕುಡಿಯುತ್ತಿರುವುದಾಗಿ ಮಾತಿನ ನಡುವೆ ಹೇಳಿದ್ದರು. "ಒಳ್ಳೇದರಿ ಕಾಕಾ" ಎಂದು ಚಿಲ್ಲರೆ ಕೊಟ್ಟು ಕಳಿಸಿದೆ. ಮೂರು ವಾರಕ್ಕೆ ಅವರ ಪಾದಗಳು ಚಪ್ಪಲಿಗೆ ಹಿಡಿಯದಷ್ಟು ಊದಿ, ಬಿಪಿ ಏರಿ, ತೊಡೆಗಳಲ್ಲಿ ಶಕ್ತಿಯೇ ಇಲ್ಲದಂತಾಗಿ ಆಸ್ಪತ್ರೆ ಸೇರಿದರು. ಪೊಟ್ಯಾಸಿಯಂ ತಳ ಕಂಡಿತ್ತು. ಜ್ಯೇಷ್ಠಮಧುವಿನ ಗ್ಲೈಸಿರೈಜಿನ್, ಸ್ಟೀರಾಯ್ಡನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ, ಪೊಟ್ಯಾಸಿಯಮ್ಮನ್ನು ಮೂತ್ರದಲ್ಲಿ ಹರಿಸಿಬಿಡುತ್ತದೆ; ಸ್ಟೀರಾಯ್ಡ್ ಕೂಡ ಅದೇ ದಿಕ್ಕಿಗೆ ಎಳೆಯುವುದರಿಂದ ಎರಡೂ ಸೇರಿದಾಗ ಪೆಟ್ಟು ಜೋರು. ಚೀನೀ ಯೋಗಗಳಲ್ಲಿ ಗಾನ್ ತ್ಸಾವ್ ಎಂಬ ಹೆಸರಿನಿಂದ ಇದು ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೆ, ಎಲ್ಲ ದ್ರವ್ಯಗಳನ್ನು ಹೊಂದಿಸುವ ಹಿರಿಯನೆಂದು ಅಲ್ಲಿ ಅದಕ್ಕೆ ಮರ್ಯಾದೆ. ಆ ಹಸಿರು ಡಬ್ಬಿಯಲ್ಲಿ ನನ್ನ ಮೂಗಿಗೆ ಮೊದಲು ಬಡಿದದ್ದೂ ಅದೇ.

ಪ್ಲೇಟ್‌ಲೆಟ್ ಹೆಚ್ಚಿಸುವ ಎಲ್ಟ್ರೊಂಬೊಪ್ಯಾಗ್ ಗುಳಿಗೆ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಕ್ಯಾಲ್ಸಿಯಂ, ಕಬ್ಬಿಣ, ಆ್ಯಂಟಾಸಿಡ್ ಇವುಗಳ ಜೊತೆ ಆ ಗುಳಿಗೆ ಕರುಳಿನಲ್ಲಿ ಅಂಟಿಕೊಂಡು ರಕ್ತಕ್ಕೆ ಸೇರುವುದು ತೀರ ಕಡಿಮೆಯಾಗುತ್ತದೆ. ಹಾಗಾಗಿ ಅವುಗಳಿಗಿಂತ ಎರಡು ತಾಸು ಮೊದಲು ಅಥವಾ ನಾಲ್ಕು ತಾಸು ನಂತರ ನುಂಗಬೇಕು. ರೊಟ್ಟಿಯ ಜೊತೆ ಗಟ್ಟಿ ಮೊಸರು ಉಣ್ಣುವ ನಮ್ಮ ಮನೆಗಳಲ್ಲಿ ಇದನ್ನು ಪಾಲಿಸುವುದೇ ಕಷ್ಟ. ಚೀನೀ ಯೋಗದಲ್ಲಿ ಮು ಲಿ ಎಂಬ ಸಿಂಪಿ ಚಿಪ್ಪು ಅಥವಾ ಲೋಂಗ್ ಗು ಎಂಬ ಹಳೆಯ ಮೂಳೆಯ ಪುಡಿ ಇದ್ದರೆ ಅದೂ ಕ್ಯಾಲ್ಸಿಯಮ್ಮೇ. ಪ್ರತಿರಕ್ಷೆಯನ್ನು ಅಡಗಿಸುವ ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವವರಲ್ಲಿ ಬೆರ್ಬೆರಿನ್ ಅದರ ಮಟ್ಟವನ್ನು ಏರಿಸಿ ಮೂತ್ರಪಿಂಡಕ್ಕೆ ತೊಂದರೆ ತರಬಲ್ಲದು.

ಮತ್ತು ಹೊಸದು ಬಂತೆಂದು ಸ್ಟೀರಾಯ್ಡನ್ನು ಒಂದೇ ದಿನ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ವಾರಗಟ್ಟಲೆ ಹೊರಗಿನಿಂದ ಸಿಕ್ಕಿದ್ದರಿಂದ ದೇಹ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ; ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಬರಬಹುದು. ಇಳಿಸುವ ಕೆಲಸ ವೈದ್ಯರದು, ಹಂತ ಹಂತವಾಗಿ.

ವೈದ್ಯರ ಮೇಜಿನ ಮೇಲೆ ಇಡುವುದು

ಯುವಕನ ಹೆದರಿಕೆ ಸಹಜವಾದದ್ದು. ಬೈಯುತ್ತಾರೆಂದು ಮುಚ್ಚಿಡುವವರೇ ಹೆಚ್ಚು. ನಾನು ಅವನಿಗೆ ಒಂದು ಹಾಳೆ ಕೊಟ್ಟು, ಒಂದು ಬದಿಯಲ್ಲಿ ತಾಯಿ ತೆಗೆದುಕೊಳ್ಳುತ್ತಿದ್ದ ಪ್ರತಿ ಔಷಧದ ಹೆಸರು ಮತ್ತು ಪ್ರಮಾಣ, ಇನ್ನೊಂದು ಬದಿಯಲ್ಲಿ ಡಬ್ಬಿಯ ದ್ರವ್ಯಗಳ ಲ್ಯಾಟಿನ್ ಹೆಸರುಗಳನ್ನು ಬರೆಸಿದೆ. "ಇದನ್ನು ಕೊಡಲೇ?" ಎಂದು ಕೇಳಿದರೆ ವೈದ್ಯರು ಬೇಡ ಎಂದು ಮಾತು ಮುಗಿಸುತ್ತಾರೆ, "ಈ ಪಟ್ಟಿಯಲ್ಲಿ ನಮ್ಮವ್ವನ ಔಷಧಕ್ಕೆ ಅಡ್ಡ ಬರುವುದು ಯಾವುದು, ಸ್ಟೀರಾಯ್ಡ್ ಇಳಿದ ಮೇಲೆ ನೋಡಬಹುದೇ?" ಎಂದು ಕೇಳಿದರೆ ಪೆನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಿಮಗೆ ಸಿಗುವುದು ಐದು ನಿಮಿಷ. ಹಾಳೆ ಇದ್ದರೆ ಐದು ನಿಮಿಷ ಸಾಕು. ನಮ್ಮ ಮೂಲಿಕೆಗಳ ಬಗ್ಗೆ ಕೇಳುವುದಿದ್ದರೆ ಹೆಗ್ಗೇರಿಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ಓದಿದ ವೈದ್ಯರಿದ್ದಾರೆ. ಕಪ್ಪತಗುಡ್ಡದ ಬೇರು ಎಂದು ಸಂತೆಯಲ್ಲಿ ಮಾರುವವನಿಗೆ ಗಿಡದ ಪರಿಚಯ ಇರಬಹುದು, ಐಟಿಪಿಯ ಪರಿಚಯ ಇರಲಾರದು.

ವೈದ್ಯರು ಒಪ್ಪಿದರೆ ಮಾತ್ರ, ಒಂದು ನೋಟ್‌ಬುಕ್ ಇಟ್ಟು, ಆರಂಭದ ದಿನದ ಪ್ಲೇಟ್‌ಲೆಟ್, ಹಿಮೋಗ್ಲೋಬಿನ್, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಪೊಟ್ಯಾಸಿಯಂ, ಬಿಪಿ ಬರೆದುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಟೀರಾಯ್ಡ್ ಪ್ರಮಾಣ ಬದಲಾದ ವಾರವೇ ಕಷಾಯವನ್ನೂ ಆರಂಭಿಸಿದರೆ ಏರಿದ್ದು ಯಾವುದರಿಂದ ಎಂದು ದೇವರಿಗೂ ಗೊತ್ತಾಗದು. ಕೌಂಟ್ ತನ್ನಷ್ಟಕ್ಕೆ 40,000 ಮತ್ತು 55,000ದ ನಡುವೆ ಓಲಾಡುವುದು ಸಾಮಾನ್ಯ, ಒಂದೇ ಅಂಕಿಯನ್ನು ನೋಡಿ ಕುಣಿಯಬಾರದು. ಮಕ್ಕಳ ಐಟಿಪಿಯಲ್ಲಂತೂ ನೂರಕ್ಕೆ ಸುಮಾರು 80 ಮಕ್ಕಳು ಒಂದು ವರ್ಷದೊಳಗೆ ತಾವಾಗಿಯೇ ಸರಿಹೋಗುತ್ತಾರೆ. ಆ ಅವಧಿಯಲ್ಲಿ ಮಗುವಿಗೆ ಏನು ಕುಡಿಸಿದ್ದರೂ ಕೀರ್ತಿ ಅದಕ್ಕೇ ಹೋಗುತ್ತದೆ. ಚೀನಾದಲ್ಲಿ ನಡೆದ ಪ್ರಯೋಗಗಳಲ್ಲಿ ಹೆಚ್ಚಿನವು ಸಣ್ಣವು, ಮೂಲಿಕೆಯನ್ನು ಸ್ಟೀರಾಯ್ಡಿನ ಜೊತೆ ಸೇರಿಸಿ ಕೊಟ್ಟವು, ರೋಗಿಗೂ ವೈದ್ಯರಿಗೂ ಯಾರಿಗೆ ಏನು ಕೊಟ್ಟಿದೆ ಎಂದು ಗೊತ್ತಿದ್ದವು. ಗುಣವಾಗುತ್ತದೆಯೇ ಎಂಬ ಆ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹಾಗಾಗಿ ಇಷ್ಟೇ: ಸ್ಟೀರಾಯ್ಡಿನ ಜಾಗಕ್ಕೆ ಕೂರಿಸುವಷ್ಟು ಪುರಾವೆ ಯಾವ ಯೋಗಕ್ಕೂ ಇಲ್ಲ.

ಒಣ ಬೇರುಗಳೇ ಬಂದಿದ್ದರೆ ಕುದಿಸುವ ಕ್ರಮ ನಮ್ಮ ಕಷಾಯದಂತೆಯೇ, ಒಂದೆರಡು ವ್ಯತ್ಯಾಸಗಳಿವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಪಾತ್ರೆ ಬೇಡ, ಮಣ್ಣಿನದು ಅಥವಾ ಪಿಂಗಾಣಿಯದು ಇರಲಿ. ಅರ್ಧ ತಾಸು ನೆನೆಸಿ, ಎರಡು ಸಲ ಕುದಿಸಿ, ಎರಡನ್ನೂ ಬೆರೆಸಿ ದಿನಕ್ಕೆರಡು ಪಾಲು ಮಾಡುತ್ತಾರೆ. ಚಿಪ್ಪು ಖನಿಜಗಳು ಮೊದಲು, ಸುಗಂಧದ ಎಲೆಗಳು ಕೊನೆಗೆ. ಸ್ಟೀರಾಯ್ಡ್ ಅಥವಾ ರಿಟುಕ್ಸಿಮ್ಯಾಬ್ ಪಡೆದವರು ಕುದಿಸದ ಪುಡಿಯನ್ನು ನೀರಲ್ಲಿ ಕದಡಿ ಕುಡಿಯಲೇಬಾರದು. ಅವರ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ.

ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಇದನ್ನು ಬರೆದಿಡಿ: ಬಾಯೊಳಗೆ ರಕ್ತದ ಬೊಬ್ಬೆ, ಹಿಂದೆಂದೂ ಇಲ್ಲದ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ಡಾಂಬರಿನಂಥ ಕಪ್ಪು ಮಲ, ಅರ್ಧ ತಾಸು ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಚಹಾ ಬಣ್ಣದ ಮೂತ್ರ. ಇವುಗಳಲ್ಲಿ ಒಂದು ಕಂಡರೂ, ರಾತ್ರಿ ಎಷ್ಟೇ ಹೊತ್ತಾಗಿರಲಿ, ತುರ್ತು ವಿಭಾಗಕ್ಕೆ ಹೋಗಬೇಕು. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಊರ ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಕಣ್ಣು ಹಳದಿಯಾದರೆ ಅಥವಾ ಮೈ ತುಂಬ ದದ್ದು ಎದ್ದರೆ ಪೊಟ್ಟಣ ನಿಲ್ಲಿಸಿ, ಉಳಿದದ್ದನ್ನು ಎಸೆಯದೆ ಆಸ್ಪತ್ರೆಗೆ ಒಯ್ಯಿರಿ. ಔಷಧದ ದುಷ್ಪರಿಣಾಮಗಳನ್ನು 1800-180-3024 ಎಂಬ ಉಚಿತ ಸಂಖ್ಯೆಗೆ ಯಾರು ಬೇಕಾದರೂ ತಿಳಿಸಬಹುದು.

ನವಲಗುಂದದ ಯುವಕ ಹತ್ತು ದಿನದ ಮೇಲೆ ಹಾಳೆಯನ್ನು ಹಿಡಿದುಕೊಂಡು ಬಂದ. ವೈದ್ಯರು ಗಾನ್ ತ್ಸಾವ್ ಮತ್ತು ಡಾಂಗ್ ಗುಯಿ ಎಂಬ ಎರಡು ಸಾಲುಗಳ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ "ಸದ್ಯ ಬೇಡ" ಎಂದು ಬರೆದು, ಅಂಚಿನಲ್ಲಿ ಹೆಲಿಕೊಬ್ಯಾಕ್ಟರ್ ಪರೀಕ್ಷೆ ಮಾಡಿಸಲು ಸೂಚಿಸಿದ್ದರು. ಹೊಟ್ಟೆಯ ಆ ಸೋಂಕನ್ನು ಗುಣಪಡಿಸಿದಾಗ ಕೆಲವರ ಪ್ಲೇಟ್‌ಲೆಟ್ ಏರುವುದುಂಟು. ಎಂಟು ಪೊಟ್ಟಣ ಉಳಿದಿದ್ದ ಹಸಿರು ಡಬ್ಬಿಯನ್ನು ಮನೆಯಲ್ಲಿಟ್ಟರೆ ಅವ್ವ ಗೊತ್ತಿಲ್ಲದೆ ಕುಡಿದಾಳೆಂದು ನನ್ನ ಬಳಿಯೇ ಬಿಟ್ಟುಹೋದ. ಅದು ಈಗಲೂ ಕೆಳಗಿನ ಡ್ರಾಯರಿನಲ್ಲಿದೆ.